ಪ್ರಮಾದದಿಂದ ಹುಟ್ಟಿದ ಪದಗಳು: ಕೆಲವು ಅಪರೂಪದ ಇಂಗ್ಲಿಷ್ ಶಬ್ದಗಳ ಮೂಲ ಮತ್ತು ಅರ್ಥ

1. ಪೀಠಿಕೆ

ಒಂದು ಶಬ್ದದ ಮೂಲ ಯಾವುದು ಎಂದು ಕೇಳಿದಾಗ ನಾವು ಸಾಮಾನ್ಯವಾಗಿ ಒಂದು ಧಾತುವನ್ನೋ ಒಂದು ಮೂಲಭಾಷೆಯನ್ನೋ ಉತ್ತರವಾಗಿ ನಿರೀಕ್ಷಿಸುತ್ತೇವೆ. ಇಂಗ್ಲಿಷಿನ ಬಹುಪಾಲು ಶಬ್ದಗಳ ವಿಷಯದಲ್ಲಿ ಈ ನಿರೀಕ್ಷೆ ಹುಸಿಯಾಗುವುದಿಲ್ಲ. ಅವು ಪ್ರಾಚೀನ ಇಂಗ್ಲಿಷಿನಿಂದಲೋ, ಫ್ರೆಂಚ್, ಲ್ಯಾಟಿನ್, ಗ್ರೀಕ್ ಮೊದಲಾದ ಭಾಷೆಗಳಿಂದಲೋ ಬಂದಿರುವುದನ್ನು ಪ್ರಯೋಗಗಳ ಆಧಾರದಿಂದ ತೋರಿಸಬಹುದು. ಆದರೆ ಕೆಲವು ಶಬ್ದಗಳ ಜಾಡು ಹಿಡಿದು ಹಿಂದಕ್ಕೆ ಹೋದರೆ ಕೊನೆಯಲ್ಲಿ ದೊರೆಯುವುದು ಧಾತುವಲ್ಲ. ಒಬ್ಬ ಲಿಪಿಕಾರನ ಕಣ್ತಪ್ಪು, ಒಬ್ಬ ಮುದ್ರಕನ ಕೈತಪ್ಪು, ಇಲ್ಲವೇ ಒಬ್ಬ ನಿಘಂಟುಕಾರನ ಅವಸರ.

ಇಂತಹ ಶಬ್ದಗಳಲ್ಲಿ ಎರಡು ಬಗೆಗಳಿವೆ. ತಪ್ಪಿನಿಂದ ಹುಟ್ಟಿದರೂ ಜನರ ಬಳಕೆಗೆ ಬಂದು ಭಾಷೆಯ ಸ್ವತ್ತಾದವು ಒಂದು ಬಗೆ. ನಿಘಂಟುಗಳ ಪುಟಗಳಲ್ಲಿ ಮಾತ್ರ ಕಾಣಿಸಿಕೊಂಡು ಯಾರ ಬಾಯಲ್ಲಿಯೂ ಬಾಳದೆ ಹೋದವು ಇನ್ನೊಂದು ಬಗೆ. ಈ ಎರಡು ಬಗೆಗಳ ಕೆಲವು ಅಪರೂಪದ ಇಂಗ್ಲಿಷ್ ಶಬ್ದಗಳನ್ನು ಪರಿಚಯಿಸಿ, ಇವುಗಳನ್ನು ಬೇರ್ಪಡಿಸುವ ಮಾನದಂಡ ಯಾವುದೆಂಬುದನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ. ವಿಷಯ ಇಂಗ್ಲಿಷಿನದಾದರೂ ಪ್ರಶ್ನೆ ನಮ್ಮದೂ ಹೌದು. ಓಲೆಗರಿಗಳನ್ನು ಓದಿ ಪಾಠವನ್ನು ನಿರ್ಣಯಿಸುವವರಿಗೆ, ಆ ಪಾಠದಿಂದ ಪದಗಳನ್ನು ಆಯ್ದು ನಿಘಂಟಿಗೆ ಸೇರಿಸುವವರಿಗೆ ಇದು ದಿನನಿತ್ಯದ ಸಮಸ್ಯೆ.

2. ಅಕ್ಷರಸಾಮ್ಯದಿಂದ ಆದ ತಪ್ಪುಗಳು

ಮಧ್ಯಯುಗದ ಯುರೋಪಿನ ಹಸ್ತಪ್ರತಿಗಳಲ್ಲಿ 'ಐ', 'ಎನ್', 'ಎಂ', 'ಯು' ಅಕ್ಷರಗಳನ್ನು ಒಂದೇ ಬಗೆಯ ಗಿಡ್ಡನೆಯ ನೆಟ್ಟಗೆರೆಗಳಿಂದ ಬರೆಯುತ್ತಿದ್ದರು. 'ಐ'ಗೆ ಒಂದು ಗೆರೆ, 'ಎನ್' ಮತ್ತು 'ಯು'ಗಳಿಗೆ ಎರಡೆರಡು, 'ಎಂ'ಗೆ ಮೂರು. 'ಐ'ಯ ಮೇಲೆ ಚುಕ್ಕೆಯಿಡುವ ರೂಢಿಯೂ ಆಗ ಖಚಿತವಾಗಿರಲಿಲ್ಲ. ಹೀಗಾಗಿ ಮೂರು ಗೆರೆಗಳು ಒಟ್ಟಿಗೆ ಬಂದಾಗ ಅದನ್ನು 'ಎಂ' ಎಂದು ಓದಬೇಕೋ 'ಎನ್' ಮತ್ತು 'ಐ' ಎಂದು ಬಿಡಿಸಬೇಕೋ ಎಂಬುದು ಓದುಗನ ಊಹೆಗೆ ಬಿಟ್ಟದ್ದಾಗಿತ್ತು.

ಖಗೋಳಶಾಸ್ತ್ರದ 'ಜೆನಿತ್' ಎಂಬ ಶಬ್ದ ಈ ಊಹೆಯ ಫಲ. ನೆತ್ತಿಯ ನೇರಕ್ಕಿರುವ ಆಕಾಶಬಿಂದು ಎಂಬುದು ಇದರ ಅರ್ಥ. ನಾವು ಖಮಧ್ಯ ಎನ್ನುತ್ತೇವೆ. ಅರಬ್ಬಿಯಲ್ಲಿ 'ಸಮ್ತ್ ಅರ್‌-ರಾಸ್' ಎಂದರೆ ತಲೆಯ ಮೇಲಣ ದಾರಿ. ಇದರ ಮೊದಲ ಪದವಾದ 'ಸಮ್ತ್' ಲ್ಯಾಟಿನ್ ಲಿಪಿಗೆ ಬಂದಾಗ ಅದರಲ್ಲಿದ್ದ 'ಎಂ'ನ ಮೂರು ಗೆರೆಗಳನ್ನು 'ನಿ' ಎಂದು ಓದಲಾಯಿತು. 'ಸೆಮ್ತ್' ಎಂಬಂತಿದ್ದ ರೂಪ 'ಸೆನಿತ್' ಆಗಿ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಇದೇ 'ಸಮ್ತ್' ಶಬ್ದದ ಬಹುವಚನವಾದ 'ಸುಮೂತ್' ಎಂಬುದು ಅರಬ್ಬಿಯ ನಿರ್ದೇಶಕ ಪ್ರತ್ಯಯದೊಡನೆ 'ಆಜಿಮತ್' ಎಂಬ ಇನ್ನೊಂದು ಪಾರಿಭಾಷಿಕ ಪದವಾಗಿದೆ. ಅಲ್ಲಿ 'ಮ'ಕಾರ ಹಾಗೆಯೇ ಉಳಿದಿದೆ. ಹೀಗೆ ಒಂದೇ ಮೂಲದ ಎರಡು ಪದಗಳಲ್ಲಿ ಒಂದು ಸರಿಯಾದ ಓದಿಗೂ ಮತ್ತೊಂದು ತಪ್ಪು ಓದಿಗೂ ಸಾಕ್ಷಿಯಾಗಿ ನಿಂತಿವೆ. 'ಜೆನಿತ್' ತಪ್ಪು ಓದಿನ ಫಲವೆಂಬುದು ಬರಿಯ ಊಹೆಯಲ್ಲವೆನ್ನಲು ಈ ಜೋಡಿಯೇ ಬಲವಾದ ಆಧಾರ.

ಅಡುಗೆಮನೆಯ 'ಗ್ರೇವಿ'ಯ ಕಥೆಯೂ ಇಂತಹುದೇ. ಪ್ರಾಚೀನ ಫ್ರೆಂಚಿನ ಪಾಕಗ್ರಂಥಗಳಲ್ಲಿ ಇದ್ದ ರೂಪ 'ಗ್ರನೆ' ಎಂದೂ, ಅದರ 'ಎನ್' ಅಕ್ಷರವನ್ನು 'ಯು' ಎಂದು ಓದಿದ್ದರಿಂದ ಈಗಿನ ರೂಪ ಬಂದಿತೆಂದೂ ವಿದ್ವಾಂಸರು ವಿವರಿಸುತ್ತಾರೆ. ಆ ಕಾಲದಲ್ಲಿ 'ಯು' ಮತ್ತು 'ವಿ' ಒಂದೇ ಅಕ್ಷರದ ಎರಡು ಉಪಯೋಗಗಳಾಗಿದ್ದುದನ್ನು ಇಲ್ಲಿ ನೆನೆಯಬೇಕು.

ಮುದ್ರಣಯುಗದಲ್ಲಿಯೂ ಈ ಬಗೆಯ ಗೊಂದಲ ನಿಲ್ಲಲಿಲ್ಲ. 18ನೆಯ ಶತಮಾನದ ಕೊನೆಯವರೆಗೆ ಇಂಗ್ಲಿಷ್ ಅಚ್ಚಿನಲ್ಲಿ ಪದದ ಆದಿಯಲ್ಲಿಯೂ ಮಧ್ಯದಲ್ಲಿಯೂ ಉದ್ದನೆಯ 'ಎಸ್' ಬಳಕೆಯಲ್ಲಿತ್ತು. ಅದಕ್ಕೂ 'ಎಫ್'ಗೂ ಇದ್ದ ಭೇದ ಒಂದು ಸಣ್ಣ ಅಡ್ಡಗೆರೆಯದು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ನಿಘಂಟಿನಲ್ಲಿ 'ಫೂಪ್' ಎಂಬ ಕ್ರಿಯಾಪದವನ್ನು ಕೊಟ್ಟು, ಥಟ್ಟನೆ ರಭಸದಿಂದ ನೂಕು ಎಂದು ಅರ್ಥ ಹೇಳಿ, ಬಳಕೆ ತಪ್ಪಿದ ಪದವೆಂದು ಗುರುತಿಸಿದನು. ಅವನು ಆಧಾರವಾಗಿಟ್ಟುಕೊಂಡ ವಿಲಿಯಂ ಕ್ಯಾಮ್ಡನ್‌ನ ಬರಹದಲ್ಲಿದ್ದುದು 'ಸೂಪ್' ಎಂಬ ಪದ. ಬಳಕೆ ತಪ್ಪಿದ ಪದವೆನ್ನುವುದಕ್ಕಿಂತ ಬಳಕೆಗೇ ಬಾರದ ಪದವೆನ್ನುವುದು ಸರಿಯಾದೀತು.

ಸೀನು ಎಂಬರ್ಥದ 'ಸ್ನೀಜ್' ಶಬ್ದವನ್ನು ಇದರ ಜೊತೆಯಲ್ಲಿಯೇ ಪರಿಶೀಲಿಸಬೇಕು. ಪ್ರಾಚೀನ ಇಂಗ್ಲಿಷಿನಲ್ಲಿ ಇದರ ರೂಪ 'ಫ್ನೇಯೊಸನ್'. ಚಾಸರ್ ಕವಿಯಲ್ಲಿಯೂ 'ಎಫ್' ಇರುವ ರೂಪವೇ ಇದೆ. 15ನೆಯ ಶತಮಾನದ ಕೊನೆಯ ವೇಳೆಗೆ 'ಎಸ್' ರೂಪ ಕಾಣಿಸಿಕೊಳ್ಳುತ್ತದೆ. 'ಎಫ್' ಅನ್ನು ಉದ್ದನೆಯ 'ಎಸ್' ಎಂದು ಓದಿದ್ದೇ ಇದಕ್ಕೆ ಕಾರಣವೆಂಬುದು ಒಂದು ವಿವರಣೆ. 'ಫ್ನ' ಎಂಬ ಸಂಯುಕ್ತಾಕ್ಷರವೇ ಇಂಗ್ಲಿಷಿನಿಂದ ಮರೆಯಾಗುತ್ತಿದ್ದು, ಆ ತೆರವನ್ನು ಪರಿಚಿತವಾದ 'ಸ್ನ' ತುಂಬಿತೆಂಬುದು ಇನ್ನೊಂದು ವಿವರಣೆ. ಎರಡೂ ಕಾರಣಗಳು ಕೂಡಿ ಕೆಲಸ ಮಾಡಿರುವುದು ಅಸಂಭವವಲ್ಲ. ತಪ್ಪು ಬೇರೂರಬೇಕಾದರೆ ಭಾಷೆಯ ಧ್ವನಿವ್ಯವಸ್ಥೆ ಅದಕ್ಕೆ ಇಂಬು ಕೊಡಬೇಕೆಂಬುದನ್ನು ಈ ಉದಾಹರಣೆ ಸೂಚಿಸುತ್ತದೆ.

3. ಪದವಿಭಾಗದ ಪಲ್ಲಟ

ಕಣ್ಣಿನ ತಪ್ಪಿನಂತೆ ಕಿವಿಯ ತಪ್ಪೂ ಉಂಟು. ಇಂಗ್ಲಿಷಿನ ಅನಿರ್ದೇಶಕ ಉಪಪದಕ್ಕೆ 'ಅ' ಮತ್ತು 'ಆ್ಯನ್' ಎಂದು ಎರಡು ರೂಪಗಳಿವೆ. ಮಾತಿನ ಓಟದಲ್ಲಿ ನಕಾರವು ಉಪಪದಕ್ಕೆ ಸೇರಿದ್ದೋ ಮುಂದಿನ ಪದಕ್ಕೆ ಸೇರಿದ್ದೋ ತಿಳಿಯದೆ ಗಡಿ ಜರುಗಿದ ಪ್ರಸಂಗಗಳು ಹಲವಿವೆ. ಒಂದು ಜಾತಿಯ ವಿಷಸರ್ಪವನ್ನು ಹೇಳುವ 'ಆ್ಯಡರ್' ಮೊದಲು ನಕಾರಾದಿಯಾಗಿದ್ದಿತು. ಜರ್ಮನ್ ಭಾಷೆಯ 'ನಾಟರ್' ಇಂದಿಗೂ ಆ ನಕಾರವನ್ನು ಕಾಪಾಡಿಕೊಂಡಿದೆ. 'ಏಪ್ರನ್' ಎಂಬುದು 'ನೇಪ್ರನ್' ಆಗಿದ್ದಿತು. ಅದರ ಬಂಧುವಾದ 'ನ್ಯಾಪ್ಕಿನ್' ನಕಾರವನ್ನು ಬಿಟ್ಟುಕೊಟ್ಟಿಲ್ಲ. ಕ್ರಿಕೆಟ್ಟಿನಿಂದಾಗಿ ಕನ್ನಡದಲ್ಲಿಯೂ ಮನೆಮಾತಾಗಿರುವ 'ಅಂಪೈರ್' ಪ್ರಾಚೀನ ಫ್ರೆಂಚಿನ 'ನೊನ್‌ಪೆರ್' ಎಂಬುದರಿಂದ ಬಂದಿದೆ. ಸರಿಜೋಡಿಯಲ್ಲದವನು, ಅಂದರೆ ಇಬ್ಬರ ವ್ಯಾಜ್ಯದಲ್ಲಿ ಯಾರ ಕಡೆಗೂ ಸೇರದ ಮೂರನೆಯವನು ಎಂಬುದು ಅದರ ಅರ್ಥ. ನಕಾರವು ಉಪಪದಕ್ಕೆ ಅಂಟಿಹೋಗಿ ಈಗಿನ ರೂಪ ಉಳಿಯಿತು.

ಇದಕ್ಕೆ ವಿರುದ್ಧವಾಗಿ ಉಪಪದದ ನಕಾರ ಪದಕ್ಕೆ ಬಂದು ಸೇರಿದ ನಿದರ್ಶನಗಳೂ ಇವೆ. 'ಈಕ್' ಎಂದರೆ ಹೆಚ್ಚುವರಿ; 'ಈಕ್‌ನೇಮ್' ಎಂದರೆ ಹೆಚ್ಚಿನ ಹೆಸರು. ಅದೇ ಇಂದಿನ 'ನಿಕ್‌ನೇಮ್', ಅಡ್ಡಹೆಸರು. ಹಲ್ಲಿಯನ್ನು ಹೋಲುವ ಉಭಯಚರಿಯಾದ 'ನ್ಯೂಟ್' ಕೂಡ ಹೀಗೆಯೇ ನಕಾರವನ್ನು ಪಡೆಯಿತು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕಿತ್ತಳೆಯನ್ನು ಹೇಳುವ 'ಆರೆಂಜ್' ಶಬ್ದವನ್ನೂ ಈ ಪಟ್ಟಿಗೆ ಸೇರಿಸುವುದುಂಟು. ಸಂಸ್ಕೃತದ 'ನಾರಂಗ', ಪಾರಸಿಯ 'ನಾರಂಗ್', ಅರಬ್ಬಿಯ 'ನಾರಂಜ್', ಸ್ಪ್ಯಾನಿಷಿನ 'ನರಾಂಖ' ಇವೆಲ್ಲ ನಕಾರಾದಿಯಾಗಿರುವುದು ನಿಜ. ಸಂಸ್ಕೃತದ ಶಬ್ದವೇ ದ್ರಾವಿಡ ಮೂಲದ್ದಿರಬಹುದೆಂಬ ಅಭಿಪ್ರಾಯವೂ ಇದೆ. ಆದರೆ ಈ ಶಬ್ದ ಇಂಗ್ಲಿಷಿಗೆ ಬರುವುದಕ್ಕೆ ಮೊದಲೇ ಫ್ರೆಂಚ್ ಮತ್ತು ಇಟಾಲಿಯನ್ ಭಾಷೆಗಳಲ್ಲಿ ನಕಾರವನ್ನು ಕಳೆದುಕೊಂಡಿತ್ತು. ಇಂಗ್ಲಿಷಿನ ಉಪಪದಕ್ಕೂ ಈ ಲೋಪಕ್ಕೂ ಸಂಬಂಧವಿಲ್ಲ. ಹೋಲಿಕೆಯಷ್ಟರಿಂದಲೇ ನಿಷ್ಪತ್ತಿ ಸಿದ್ಧವಾಗುವುದಿಲ್ಲ. ಬದಲಾವಣೆ ಎಲ್ಲಿ, ಯಾವಾಗ ಆಯಿತೆಂಬುದನ್ನೂ ತೋರಿಸಬೇಕು.

4. ಅಪಪಾಠಕ್ಕೆ ದೊರೆತ ಪಟ್ಟ

ಒಂದು ಅಪಪಾಠ ಹಂತಹಂತವಾಗಿ ಶಿಷ್ಟಪದವಾಗುವ ಬಗೆಯನ್ನು 'ಡೆರಿಂಗ್ ಡೂ' ಎಂಬ ಶಬ್ದ ಸ್ಪಷ್ಟವಾಗಿ ತೋರಿಸುತ್ತದೆ. ಸಾಹಸಕಾರ್ಯ, ಶೌರ್ಯ ಎಂಬುದು ಇದರ ಇಂದಿನ ಅರ್ಥ. ಚಾಸರ್ 14ನೆಯ ಶತಮಾನದ 'ಟ್ರಾಯ್ಲಸ್ ಅಂಡ್ ಕ್ರಿಸೈಡ್' ಕಾವ್ಯದಲ್ಲಿ, ವೀರನಿಗೆ ಉಚಿತವಾದುದನ್ನು ಮಾಡಲು ಧೈರ್ಯ ತೋರುವುದು ಎಂಬರ್ಥದಲ್ಲಿ 'ಧೈರ್ಯ ಮಾಡು' ಮತ್ತು 'ಮಾಡು' ಎಂಬ ಎರಡು ಕ್ರಿಯಾರೂಪಗಳನ್ನು ಪಕ್ಕಪಕ್ಕದಲ್ಲಿ ಬಳಸಿದ್ದನು. ಅವು ವಾಕ್ಯದ ಎರಡು ಬೇರೆ ಅಂಗಗಳೇ ಹೊರತು ಒಂದು ಸಮಾಸವಲ್ಲ. 15ನೆಯ ಶತಮಾನದಲ್ಲಿ ಜಾನ್ ಲಿಡ್‌ಗೇಟ್ ಈ ಪ್ರಯೋಗವನ್ನು ಅನುಕರಿಸಿದನು. ಅವನ ಕೃತಿಯ 16ನೆಯ ಶತಮಾನದ ಮುದ್ರಣಗಳಲ್ಲಿ ಮೊದಲ ಪದದ ಸ್ವರ ತಪ್ಪಾಗಿ ಅಚ್ಚಾಯಿತು. ಎಡ್ಮಂಡ್ ಸ್ಪೆನ್ಸರ್ 1579ರ 'ಶೆಫರ್ಡ್ಸ್ ಕ್ಯಾಲೆಂಡರ್' ಕೃತಿಯಲ್ಲಿ ಅದನ್ನು ನಾಮಪದವೆಂದೇ ಭಾವಿಸಿ ಬಳಸಿದನು. ಆ ಕೃತಿಯ ಟಿಪ್ಪಣಿಯಲ್ಲಿ ಅದಕ್ಕೆ ಪೌರುಷ, ವೀರಧರ್ಮ ಎಂದು ಅರ್ಥವೂ ದೊರೆಯಿತು. ಬಳಿಕ 1819ರಲ್ಲಿ ಪ್ರಕಟವಾದ 'ಐವನ್‌ಹೋ' ಕಾದಂಬರಿಯಲ್ಲಿ ವಾಲ್ಟರ್ ಸ್ಕಾಟ್ ಇದನ್ನು ಬಳಸಿದ್ದರಿಂದ ಪದ ಎಲ್ಲೆಡೆ ಹರಡಿತು. ಅನುಕರಣೆ, ಮುದ್ರಣದೋಷ, ತಪ್ಪುಗ್ರಹಿಕೆ, ಪುನರುಜ್ಜೀವನ ಎಂಬ ನಾಲ್ಕು ಹಂತಗಳಲ್ಲಿ ಒಂದು ವಾಕ್ಯಖಂಡ ಪದವಾಯಿತು.

ಅಧ್ಯಾಪಕರಾದ ನಮಗೆ ಇನ್ನೂ ಹತ್ತಿರದ ನಿದರ್ಶನ 'ಸಿಲಬಸ್'. ರೋಮಿನ ಸಿಸೆರೊ ತನ್ನ ಮಿತ್ರ ಆ್ಯಟಿಕಸ್‌ಗೆ ಬರೆದ ಒಂದು ಪತ್ರದಲ್ಲಿ, ತನ್ನ ಗ್ರಂಥಭಂಡಾರದ ಸುರುಳಿಗಳಿಗೆ ಹೆಸರುಪಟ್ಟಿ ಅಂಟಿಸಲು ಸಹಾಯಕರನ್ನು ಕಳುಹಿಸುವಂತೆ ಕೇಳಿದ್ದಾನೆ. ಗ್ರಂಥದ ಹೆಸರನ್ನು ಬರೆದು ಸುರುಳಿಗೆ ಅಂಟಿಸುತ್ತಿದ್ದ ಚರ್ಮದ ಚೀಟಿಗೆ ಅವನು ಬಳಸಿದ್ದ ಗ್ರೀಕ್ ಶಬ್ದ 'ಸಿತ್ತೂಬ'. 15ನೆಯ ಶತಮಾನದ ಮುದ್ರಿತ ಆವೃತ್ತಿಯಲ್ಲಿ ಇದರ ವಿಭಕ್ತಿರೂಪ 'ಸಿಲ್ಲಬೋಸ್' ಎಂದು ತಪ್ಪಾಗಿ ಅಚ್ಚಾಯಿತು. ಮುಂದಿನವರು ಈ ಅಪಪಾಠಕ್ಕೆ ಒಟ್ಟುಗೂಡಿಸು ಎಂಬರ್ಥದ ಗ್ರೀಕ್ ಧಾತುವೊಂದನ್ನು ಜೋಡಿಸಿ ನಿಷ್ಪತ್ತಿಯನ್ನೂ ಕಲ್ಪಿಸಿದರು. 17ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಪದ ವಿಷಯಸೂಚಿ ಎಂಬರ್ಥದಿಂದ ಪಠ್ಯಕ್ರಮ ಎಂಬರ್ಥಕ್ಕೆ ಸರಿಯಿತು. ಅದರ ಬಹುವಚನ 'ಸಿಲಬಸಸ್' ಎಂದಾಗಬೇಕೋ 'ಸಿಲಬೈ' ಎಂದಾಗಬೇಕೋ ಎಂಬ ಚರ್ಚೆ ಇಂದಿಗೂ ನಡೆಯುತ್ತದೆ. ಮೂಲದಲ್ಲಿ ಅಂತಹ ಲ್ಯಾಟಿನ್ ಪದವೇ ಇಲ್ಲದಿರುವಾಗ ಮೂಲದ ವ್ಯಾಕರಣವನ್ನು ಸಾಕ್ಷಿಗೆ ಕರೆಯುವುದು ಸಾಧ್ಯವಿಲ್ಲ. ಬಳಕೆಯೊಂದೇ ಇಲ್ಲಿ ಪ್ರಮಾಣ.

5. ಪ್ರೇತಪದಗಳು

ಇದುವರೆಗೆ ನೋಡಿದವುಗಳಲ್ಲಿ 'ಫೂಪ್' ಒಂದನ್ನು ಬಿಟ್ಟು ಉಳಿದವು ಬದುಕಿ ಉಳಿದ ಪದಗಳು. ಬದುಕೇ ಇಲ್ಲದ ಪದಗಳಿಗೆ 'ಘೋಸ್ಟ್ ವರ್ಡ್' ಎಂಬ ಹೆಸರನ್ನು ಕೊಟ್ಟವನು ವಾಲ್ಟರ್ ಸ್ಕೀಟ್. 1886ರಲ್ಲಿ ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯ ಅಧ್ಯಕ್ಷನಾಗಿ ಮಾಡಿದ ಭಾಷಣದಲ್ಲಿ ಅವನು ಇಂತಹ ಪದಗಳನ್ನು ವಿಶೇಷವಾಗಿ ಚರ್ಚಿಸಿದನು. ಮುದ್ರಕರ, ಲಿಪಿಕಾರರ, ಇಲ್ಲವೇ ಅಜ್ಞಾನಿಗಳಾದ ಸಂಪಾದಕರ ಕಲ್ಪನೆಯಿಂದ ಹುಟ್ಟಿ, ನಿಜವಾದ ಅಸ್ತಿತ್ವವಿಲ್ಲದ ಪದಗಳು ಇವು ಎಂಬುದು ಅವನ ಆಶಯ. ಈ ಲೇಖನದಲ್ಲಿ ಇವುಗಳನ್ನು ಪ್ರೇತಪದಗಳೆಂದು ಕರೆದಿದೆ.

ಸ್ಕೀಟ್ ಕೊಟ್ಟ ಒಂದು ನಿದರ್ಶನಕ್ಕೆ ಭಾರತದ ನಂಟಿದೆ. 1808ರ 'ಎಡಿನ್‌ಬರೋ ರಿವ್ಯೂ' ಪತ್ರಿಕೆಯ ಲೇಖನವೊಂದರಲ್ಲಿ, ಹಿಂದೂಗಳಲ್ಲಿ ಕೆಲವರು ಹರಕೆಗಾಗಿ ಕೈಗಳಿಗೆ 'ಕೈಮ್ಸ್' ಚುಚ್ಚಿಕೊಳ್ಳುತ್ತಾರೆಂದು ಅಚ್ಚಾಗಿತ್ತು. ಇದು ಯಾವುದೋ ಭಾರತೀಯ ಆಯುಧವಿರಬೇಕೆಂದು ಓದುಗರು ಊಹಿಸಲು ಅವಕಾಶವಿತ್ತು. ವಾಸ್ತವವಾಗಿ ಅದು ಚಾಕುಗಳು ಎಂಬರ್ಥದ 'ನೈವ್ಸ್' ಪದದ ಮುದ್ರಣದೋಷ. ದೂರದೇಶದ ಸಂಗತಿಯೆಂಬ ಕಾರಣಕ್ಕೆ ಅಪರಿಚಿತ ಪದವನ್ನು ಪ್ರಶ್ನಿಸದೆ ಒಪ್ಪುವ ಮನೋಭಾವ ಇಲ್ಲಿ ಕೆಲಸ ಮಾಡುವಂತಹುದು.

ಎರಡನೆಯ ನಿದರ್ಶನ ಇನ್ನೂ ಬೋಧಪ್ರದವಾದುದು. ಸ್ಕಾಟ್‌ನ 1820ರ 'ದ ಮೊನಾಸ್ಟರಿ' ಕಾದಂಬರಿಯಲ್ಲಿ, ಕೊಲೆಯ ಆಲೋಚನೆಗಳನ್ನು 'ಮೋರ್ಸ್' ಮಾಡುವುದು ಎಂಬ ಪ್ರಯೋಗ ಹಲವು ಮುದ್ರಣಗಳಲ್ಲಿ ಉಳಿದುಬಂದಿತ್ತು. ಇದರ ಅರ್ಥವೇನೆಂಬ ಪ್ರಶ್ನೆ ಎದ್ದಾಗ ಒಬ್ಬರು ಕಚ್ಚು ಎಂಬರ್ಥದ ಲ್ಯಾಟಿನ್ ಧಾತುವನ್ನು ತೋರಿಸಿದರು. ಇನ್ನೊಬ್ಬರು ಕೋವಿಗೆ ಕಿವಿಮದ್ದು ತುಂಬುವುದನ್ನು ಹೇಳುವ ಫ್ರೆಂಚ್ ಪದವನ್ನು ತೋರಿಸಿದರು. ಎರಡೂ ನಿಷ್ಪತ್ತಿಗಳು ಸಂದರ್ಭಕ್ಕೆ ಹೊಂದುವಂತಿದ್ದವು. ಕೊನೆಗೆ ಲೇಖಕನ ಹಸ್ತಪ್ರತಿಯನ್ನು ನೋಡಿದಾಗ ಅಲ್ಲಿದ್ದುದು ಪೋಷಿಸು ಎಂಬರ್ಥದ 'ನರ್ಸ್' ಎಂಬ ಸಾಮಾನ್ಯ ಪದ. ಇಲ್ಲದ ಪದಕ್ಕೆ ಇಬ್ಬರು ಎರಡು ಧಾತುಗಳನ್ನು ಒದಗಿಸಿದ್ದರು. ಸಮಂಜಸವಾಗಿ ಕಾಣುವ ನಿಷ್ಪತ್ತಿ ಪದದ ಅಸ್ತಿತ್ವಕ್ಕೆ ಸಾಕ್ಷಿಯಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮವಾದ ಪಾಠ ಸಿಗುವುದು ಕಷ್ಟ.

ಪ್ರೇತಪದಗಳು ನಿಘಂಟಿನಿಂದ ನಿಘಂಟಿಗೆ ದಾಟುತ್ತವೆ. 'ಆ್ಯಬಕಾಟ್' ಎಂದರೆ ಇಂಗ್ಲೆಂಡಿನ ಅರಸರು ಧರಿಸುತ್ತಿದ್ದ ಒಂದು ಬಗೆಯ ರಾಜಮುಕುಟ ಎಂದು ಬಹುಕಾಲ ಹಲವು ನಿಘಂಟುಗಳು ಹೇಳಿದವು. 'ಬೈಕಾಕೆಟ್' ಎಂಬ ಚೂಪುತುದಿಯ ಟೊಪ್ಪಿಗೆಯ ಹೆಸರು ಇದರ ಮೂಲ. 16ನೆಯ ಶತಮಾನದ ಚರಿತ್ರೆಗ್ರಂಥಗಳ ಮುದ್ರಣದಲ್ಲಿ ಉಪಪದ ಪದಕ್ಕೆ ಕೂಡಿಕೊಂಡು ರೂಪ ಕೆಟ್ಟಿತು. 17ನೆಯ ಶತಮಾನದಲ್ಲಿ ಹೆನ್ರಿ ಸ್ಪೆಲ್ಮನ್‌ನ ಪದಕೋಶ ಅದನ್ನು ಸ್ವೀಕರಿಸಿತು. ಮುಂದಿನವರು ಒಬ್ಬರನ್ನೊಬ್ಬರು ನೋಡಿ ಬರೆದರು. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರಿ 1882ರಲ್ಲಿ ಈ ವಂಶಾವಳಿಯನ್ನು ಬಿಡಿಸಿ ತೋರಿಸಿದನು. ಒಂದು ಪ್ರೇತಪದದ ಹಿಂದೆ ನಿಜವಾದ ಅಪರೂಪದ ಪದವೊಂದು ಮರೆಯಾಗಿ ಕುಳಿತಿತ್ತೆಂಬುದು ಇಲ್ಲಿನ ವಿಶೇಷ.

'ಡೋರ್ಡ್' ಎಂಬ ಪದದ ಪ್ರಸಂಗ 20ನೆಯ ಶತಮಾನದ್ದು. 1931ರ ಜುಲೈ 31ರಂದು ವೆಬ್‌ಸ್ಟರ್ ನಿಘಂಟಿನ ರಸಾಯನಶಾಸ್ತ್ರ ವಿಭಾಗದ ಸಂಪಾದಕ ಆಸ್ಟಿನ್ ಪ್ಯಾಟರ್ಸನ್ ಒಂದು ಚೀಟಿ ಕಳುಹಿಸಿದನು. ದೊಡ್ಡ 'ಡಿ' ಅಥವಾ ಸಣ್ಣ 'ಡಿ' ಅಕ್ಷರವು ಸಾಂದ್ರತೆಯ ಸಂಕ್ಷೇಪ ಎಂಬುದು ಅದರ ತಾತ್ಪರ್ಯ. 'ಅಥವಾ' ಎಂಬರ್ಥದ 'ಆರ್' ಪದವನ್ನು ಎರಡು 'ಡಿ'ಗಳ ನಡುವೆ ಸೇರಿಸಿ ಓದಿದ್ದರಿಂದ 'ಡೋರ್ಡ್' ಎಂಬ ನಾಮಪದ ಸಿದ್ಧವಾಯಿತು. ಅದಕ್ಕೆ ಉಚ್ಚಾರಣೆಯನ್ನೂ ಸೂಚಿಸಿ 1934ರ ಎರಡನೆಯ ಆವೃತ್ತಿಯಲ್ಲಿ ಸಾಂದ್ರತೆ ಎಂಬ ಅರ್ಥದೊಡನೆ ಅಚ್ಚು ಮಾಡಲಾಯಿತು. 1939ರ ಫೆಬ್ರುವರಿ 28ರಂದು ಸಂಪಾದಕರೊಬ್ಬರು, ಈ ಪದಕ್ಕೆ ನಿಷ್ಪತ್ತಿ ಕೊಟ್ಟಿಲ್ಲವಲ್ಲ ಎಂದು ಗಮನಿಸಿ ವಿಚಾರಿಸಿದಾಗ ತಪ್ಪು ಹೊರಬಿದ್ದಿತು. 'ಮೋರ್ಸ್' ಪ್ರಸಂಗದಲ್ಲಿ ಕಲ್ಪಿತ ನಿಷ್ಪತ್ತಿ ದಾರಿ ತಪ್ಪಿಸಿತು. ಇಲ್ಲಿ ನಿಷ್ಪತ್ತಿಯ ಅಭಾವವೇ ದಾರಿ ತೋರಿಸಿತು.

6. ಉದ್ದೇಶಪೂರ್ವಕ ಕಲ್ಪನೆ ಮತ್ತು ಯಂತ್ರದ ಓದು

ಬೇಕೆಂದೇ ಸೃಷ್ಟಿಸಿದ ಪ್ರೇತಪದಗಳೂ ಉಂಟು. ನಕಲು ಮಾಡುವವರನ್ನು ಹಿಡಿಯಲು ನಿಘಂಟುಕಾರರು ಬಲೆಯಾಗಿ ಇಂತಹ ಪದವನ್ನಿಡುತ್ತಾರೆ. 2001ರ 'ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ಡಿಕ್ಷನರಿ'ಯಲ್ಲಿದ್ದ 'ಎಸ್ಕ್ವಿವೇಲಿಯನ್ಸ್' ಇಂತಹುದು. ತನ್ನ ಅಧಿಕೃತ ಕರ್ತವ್ಯದಿಂದ ಬೇಕೆಂದೇ ನುಣುಚಿಕೊಳ್ಳುವುದು ಎಂದು ಅದಕ್ಕೆ ಅರ್ಥ ಕೊಡಲಾಗಿತ್ತು. 2005ರಲ್ಲಿ ಈ ಗುಟ್ಟು ಬಹಿರಂಗವಾಯಿತು. ಇಂತಹ ಬಲೆಗಳಿಗೆ ಇಂಗ್ಲಿಷಿನಲ್ಲಿ 'ಮೌಂಟ್‌ವೀಜಲ್' ಎಂಬ ಹೆಸರೂ ಹುಟ್ಟಿಕೊಂಡಿದೆ. 1975ರ 'ನ್ಯೂ ಕೊಲಂಬಿಯಾ ಎನ್‌ಸೈಕ್ಲೋಪೀಡಿಯ'ದಲ್ಲಿ ಸೇರಿಸಿದ್ದ ಕಲ್ಪಿತ ಛಾಯಾಗ್ರಾಹಕಿಯೊಬ್ಬಳ ಹೆಸರಿನಿಂದ ಇದು ಬಂದಿದೆ.

ಹಳೆಯ ಪುಸ್ತಕಗಳನ್ನು ಗಣಕಯಂತ್ರಗಳು ಓದುವ ಈ ಕಾಲದಲ್ಲಿ ಲಿಪಿಕಾರನ ತಪ್ಪುಗಳು ಮರಳಿ ಬಂದಿವೆ. ಉದ್ದನೆಯ 'ಎಸ್' ಅನ್ನು 'ಎಫ್' ಎಂದು ಯಂತ್ರವೂ ಓದುತ್ತದೆ. 2025ರಲ್ಲಿ ಚರ್ಚೆಗೆ ಬಂದ 'ವೆಜಿಟೇಟಿವ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ' ಎಂಬ ಪದಪುಂಜ ಗಮನಾರ್ಹ. ಇಂತಹ ವಿಧಾನ ವಿಜ್ಞಾನದಲ್ಲಿ ಇಲ್ಲ. 1950ರ ದಶಕದ ವಿಜ್ಞಾನಪತ್ರಿಕೆಯ ಪುಟವೊಂದರಲ್ಲಿ ಅಕ್ಕಪಕ್ಕದ ಅಂಕಣಗಳಲ್ಲಿದ್ದ ಪದಗಳನ್ನು ಯಂತ್ರ ಒಂದೇ ಸಾಲೆಂದು ಓದಿದ್ದು ಇದರ ಒಂದು ಮೂಲವೆಂದು ಗುರುತಿಸಲಾಗಿದೆ. ಪಾರಸಿ ಭಾಷೆಯಲ್ಲಿ 'ಸ್ಕ್ಯಾನಿಂಗ್' ಮತ್ತು 'ವೆಜಿಟೇಟಿವ್' ಎಂಬರ್ಥದ ಪದಗಳ ನಡುವೆ ಇರುವುದು ಒಂದು ಚುಕ್ಕೆಯ ಭೇದ. ಅನುವಾದದಲ್ಲಾದ ಈ ತಪ್ಪೂ ಸೇರಿಕೊಂಡಿರಬಹುದೆನ್ನುತ್ತಾರೆ. ಕೃತಕ ಬುದ್ಧಿಮತ್ತೆಯ ಭಾಷಾಮಾದರಿಗಳೂ ಈ ಪದಪುಂಜವನ್ನು ಕಲಿತು ಮರಳಿ ಬರೆಯುತ್ತಿರುವುದು ಕಂಡುಬಂದಿತು.

7. ಕನ್ನಡದ ಸಂದರ್ಭ

ಮೇಲಿನ ತಪ್ಪುಗಳಿಗೆ ಕಾರಣವಾದ ಪರಿಸ್ಥಿತಿಗಳು ನಮ್ಮ ಹಸ್ತಪ್ರತಿ ಪರಂಪರೆಯಲ್ಲಿಯೂ ಇವೆ. ಹಳೆಯ ಓಲೆಗರಿಗಳಲ್ಲಿ ಎಕಾರ ಏಕಾರಗಳಿಗೆ, ಒಕಾರ ಓಕಾರಗಳಿಗೆ ಬರವಣಿಗೆಯಲ್ಲಿ ಭೇದವಿಲ್ಲ. 'ಕೊಡು' ಮತ್ತು 'ಕೋಡು', 'ತೆರು' ಮತ್ತು 'ತೇರು' ಎಂಬುವನ್ನು ಛಂದಸ್ಸು ಮತ್ತು ಸಂದರ್ಭಗಳಿಂದಲೇ ನಿರ್ಣಯಿಸಬೇಕು. ಪದಗಳ ನಡುವೆ ತೆರಪಿಲ್ಲದಿರುವುದರಿಂದ ಪದಚ್ಛೇದ ಸಂಪಾದಕನ ಹೊಣೆಯಾಗುತ್ತದೆ. ೞಕಾರದ ಪರಿಚಯ ತಪ್ಪಿದ ಕಾಲದ ಲಿಪಿಕಾರರು ಅದರ ಸ್ಥಾನದಲ್ಲಿ ಬೇರೆ ಅಕ್ಷರವನ್ನು ಬರೆದಿರುವುದು ಸಂಪಾದಕರೆಲ್ಲರ ಅನುಭವ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ನಮಗೆ ಈ ಶಾಸ್ತ್ರದ ಅಡಿಪಾಯವನ್ನು ಹಾಕಿಕೊಟ್ಟಿದೆ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲ್ ನಿಘಂಟು, ಬಳಿಕ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಪದದೊಡನೆ ಆಕರವನ್ನೂ ಕೊಡುವ ಕ್ರಮವನ್ನು ಅನುಸರಿಸಿದ್ದರಿಂದಲೇ ಇಂದು ನಾವು ಒಂದು ಪದದ ಆಧಾರವನ್ನು ಮರಳಿ ಪರೀಕ್ಷಿಸಬಲ್ಲೆವು.

ಆ ಪರೀಕ್ಷೆಗೆ ಮೂರು ಪ್ರಶ್ನೆಗಳು ನೆರವಾಗುತ್ತವೆ. ಮೊದಲನೆಯದು, ಈ ಪದದ ಅತ್ಯಂತ ಹಳೆಯ ಪ್ರಯೋಗ ಎಲ್ಲಿದೆ? ಎರಡನೆಯದು, ಉಳಿದ ಪ್ರಯೋಗಗಳು ಸ್ವತಂತ್ರವಾದವೋ, ಮೊದಲನೆಯದರ ನಕಲುಗಳೋ? ಹತ್ತು ನಿಘಂಟುಗಳು 'ಆ್ಯಬಕಾಟ್' ಪದವನ್ನು ಕೊಟ್ಟರೂ ಅವು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಮೂರನೆಯದು, ಲಿಪಿಸಾಮ್ಯದಿಂದಲೋ ಪದಚ್ಛೇದದಿಂದಲೋ ಈ ರೂಪ ಬಂದಿರಬಹುದೆ? ಆದರೆ ಅಪರಿಚಿತವೆಂಬ ಕಾರಣಕ್ಕೇ ಪದವನ್ನು ತಳ್ಳಿಹಾಕುವುದೂ ಅಷ್ಟೇ ಅಪಾಯಕಾರಿ. ಲಿಪಿಕಾರರು ಕಠಿನವಾದುದನ್ನು ತೆಗೆದು ಸುಲಭವಾದುದನ್ನು ಬರೆಯುವುದೇ ಹೆಚ್ಚು. ಕಠಿನಪಾಠವನ್ನು ಗೌರವಿಸುವ ಸಂಪಾದನ ತತ್ತ್ವದ ಹಿನ್ನೆಲೆ ಇದೇ.

8. ಸಮಾರೋಪ

'ಸಿಲಬಸ್' ಮತ್ತು 'ಆ್ಯಬಕಾಟ್' ಎರಡೂ ತಪ್ಪಿನಿಂದಲೇ ಹುಟ್ಟಿದವು. ಒಂದು ಪದವಾಯಿತು, ಇನ್ನೊಂದು ಆಗಲಿಲ್ಲ. ಆದುದರಿಂದ ಇವುಗಳನ್ನು ಬೇರ್ಪಡಿಸುವುದು ಹುಟ್ಟಿನ ಶುದ್ಧಿಯಲ್ಲ, ಬಳಕೆ. ಹುಟ್ಟು ತಪ್ಪಾಗಿದ್ದಿತೆಂಬ ಕಾರಣಕ್ಕೆ ಜನರು ಬಳಸುತ್ತಿರುವ ಪದವನ್ನು ತಿದ್ದಹೊರಡುವುದು ನಿಘಂಟುಕಾರನ ಕೆಲಸವಲ್ಲ. ಆದರೆ ಗ್ರಂಥಸಂಪಾದಕನ ಕರ್ತವ್ಯ ಬೇರೆ. ಸ್ಕಾಟ್‌ನ ಕಾದಂಬರಿಯಲ್ಲಿ 'ಮೋರ್ಸ್' ಇರಕೂಡದು, 'ನರ್ಸ್' ಇರಬೇಕು. ಲೇಖಕನ ಪದವೇ ಅಲ್ಲಿ ಅಂತಿಮ. ಒಬ್ಬನು ಕೃತಿಗೆ ನಿಷ್ಠನಾಗಿರಬೇಕು, ಇನ್ನೊಬ್ಬನು ಭಾಷೆಗೆ. ಕನ್ನಡದಲ್ಲಿ ಈ ಎರಡು ಕೆಲಸಗಳನ್ನೂ ಒಬ್ಬರೇ ಮಾಡಿರುವುದು ಹೆಚ್ಚಾದ್ದರಿಂದ ಈ ವಿವೇಚನೆ ನಮಗೆ ಇನ್ನಷ್ಟು ಅಗತ್ಯ. ಸಂಪಾದಕನಾಗಿ ಊಹಿಸಿದ ಪಾಠವನ್ನು ನಿಘಂಟುಕಾರನಾಗಿ ಪ್ರಯೋಗವೆಂದು ದಾಖಲಿಸುವಾಗ, ಅದು ಊಹಾಪಾಠವೆಂಬ ಸೂಚನೆಯನ್ನು ಪದದ ಜೊತೆಯಲ್ಲಿಯೇ ಕೊಡಬೇಕು. ಹಾಗೆ ಕೊಡದಿದ್ದಲ್ಲಿ ಮುಂದಿನ ಪೀಳಿಗೆಯ ಸಂಶೋಧಕರು ಇಲ್ಲದ ಪದಕ್ಕೆ ಧಾತುವನ್ನು ಹುಡುಕುತ್ತ ಕಾಲ ಕಳೆಯಬೇಕಾದೀತು.